ಅಯ್ನಾರು ವರ್ಗ ಆದ ಮ್ಯಾಲೂ ಬಾಗಿಲು ತೆರೆದಿರಬೇಕು

ನಮ್ಮಂಥ ತಾಲ್ಲೂಕು ವರದಿಗಾರರಿಗೆ ಚರ್ಚ್ ಅಂದರೆ ವರ್ಷಕ್ಕೆ ಒಂದೇ ಸುದ್ದಿ. ಡಿಸೆಂಬರ್ 25ರ ಬೆಳಿಗ್ಗೆ ಗೋದಲಿಯ ಫೋಟೊ ಒಂದು, ಕೇಕ್ ಕತ್ತರಿಸುವ ಫೋಟೊ ಒಂದು, ಕೆಳಗೆ ನಾಲ್ಕು ಸಾಲು. ಉಳಿದ ದಿನಗಳಲ್ಲಿ ಚರ್ಚ್ ಪತ್ರಿಕೆಗೆ ಬರಬೇಕಾದರೆ ಅಲ್ಲಿ ಜಗಳ ಆಗಿರಬೇಕು, ಇಲ್ಲವೇ ಮತಾಂತರದ ದೂರು ಬಿದ್ದಿರಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಕಡೆ ಬೈಕ್ ಮೇಲೆ ಸುತ್ತುವ ನಮಗೆ ಯಲ್ಲಮ್ಮನ ಗುಡ್ಡದ ಜಾತ್ರೆ, ಗೊಡಚಿ ವೀರಭದ್ರನ ಜಾತ್ರೆ, ಕಿತ್ತೂರು ಉತ್ಸವ, ಮಠಗಳ ಪುರಾಣ, ಪ್ರವಚನ ಎಲ್ಲಾ ದಿನಚರಿಯೊಳಗ ಇದ್ದಾವ. ಕೇರಿಯ ತುದಿಯಲ್ಲಿ ತಗಡಿನ ಮಾಡಿನ ಕೆಳಗೆ ಭಾನುವಾರ ಕೂಡುವ ಮೂವತ್ತು ನಲವತ್ತು ಮಂದಿ ಮಾತ್ರ ಯಾವ ದಿನಚರಿಯಲ್ಲೂ ಇಲ್ಲ.

2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಸಮುದಾಯದ ಬಗ್ಗೆ ಇಷ್ಟುದ್ದ ಯಾಕೆ ಬರೀತೀರಿ ಅಂತ ನೀವು ಕೇಳಬಹುದು. ಕಾರಣ ಸರಳ. ಸಣ್ಣ ಸಭೆಯಲ್ಲಿ ಒಬ್ಬ ಮನುಷ್ಯನ ನಡತೆ ಎಷ್ಟು ಕಟ್ಟುತ್ತದೆ, ಎಷ್ಟು ಕೆಡಿಸುತ್ತದೆ ಅನ್ನುವುದು ಬೇಗ ಕಣ್ಣಿಗೆ ಬೀಳುತ್ತದೆ. ಅಲ್ಲಿ ಕಂಡದ್ದು ಗುಡಿ ಕಮಿಟಿಗೂ, ಮಠಕ್ಕೂ, ಮಸೀದಿಗೂ, ಹಾಲಿನ ಡೇರಿಗೂ ಉಪಯೋಗಕ್ಕೆ ಬರುತ್ತದೆ.

ದೇಶನೂರಿನ ಒಂದು ಫೋಟೊ

ಬೈಲಹೊಂಗಲ ತಾಲ್ಲೂಕಿನ ದೇಶನೂರಿನ ಹೆಸರು ಕೆಲವರಿಗೆ ಒಂದು ಫೋಟೊದಿಂದ ನೆನಪಿರಬಹುದು. 2021ರ ಆಗಸ್ಟ್ 29ರಂದು ಬೆಳಗಾವಿಯ ಕಥೋಲಿಕ ಬಿಷಪ್ ಡೆರಿಕ್ ಫರ್ನಾಂಡಿಸ್ ಅಲ್ಲಿ ಕಾವಿ ತೊಟ್ಟು ಬಲಿಪೂಜೆ ಅರ್ಪಿಸಿದರು. ಕ್ರೈಸ್ತರ ಪಂಚಾಂಗದಲ್ಲಿ ಅದು ಸ್ನಾನಿಕ ಅರುಳಪ್ಪನವರ ಶಿರಚ್ಛೇದನವನ್ನು ನೆನೆಯುವ ದಿನ. ಯೇಸುವಿಗೆ ಜ್ಞಾನಸ್ನಾನ ಮಾಡಿಸಿದ ಸಂತನನ್ನು ಕನ್ನಡ ಕಥೋಲಿಕರು ಕರೆಯುವ ಹೆಸರು ಅದು. ಅರುಳಪ್ಪ! ನಮ್ಮ ಊರಿನ ಯಾವುದೋ ಅಜ್ಜನ ಹೆಸರಿನ ಹಾಗೆ ಕೇಳಿಸುತ್ತದೆ.

ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಒಂದು ಕಡೆಯವರು ಇದು ಹಿಂದೂಗಳ ವೇಷ ಹಾಕಿ ಮಂದಿಯನ್ನು ಸೆಳೆಯುವ ಉಪಾಯ ಅಂದರು. ಇನ್ನೊಂದು ಕಡೆ ಕ್ರೈಸ್ತರಲ್ಲೇ ಕೆಲವರು, ಬಿಷಪ್ ಆದವರು ಹೀಗೆ ಉಡುವುದೇ, ನಮ್ಮ ಸಂಪ್ರದಾಯ ಎಲ್ಲಿ ಹೋಯಿತು ಅಂದರು. ಎರಡೂ ಕಡೆ ಸಿಟ್ಟು. ಎರಡೂ ಕಡೆಯ ಸಿಟ್ಟಿನವರಲ್ಲಿ ದೇಶನೂರು ನೋಡಿದವರು ಎಷ್ಟು ಮಂದಿ ಇದ್ದರೋ!

ನೋಡಿದವರಿಗೆ ಅದು ಹೊಸದಲ್ಲ. ಗೋವಾ ಪ್ರಾಂತದ ಜೆಸ್ವಿಟ್ ಪಾದ್ರಿಗಳು ದಶಕಗಳ ಹಿಂದೆಯೇ ಅಲ್ಲಿ ಬಂದು ನೆಲೆಸಿ, ತಮ್ಮ ಜಾಗಕ್ಕೆ ವಿರಕ್ತ ಮಠ ಅಂತಲೇ ಹೆಸರಿಟ್ಟರು. ಕಾವಿ ಉಟ್ಟರು, ಸಸ್ಯಾಹಾರ ಪಾಲಿಸಿದರು, ಕನ್ನಡ ಕಲಿತರು. ಲಿಂಗಾಯತ ಮಠಗಳ ಈ ಸೀಮೆಯಲ್ಲಿ ಸ್ವಾಮಿ ಅಂದರೆ ಹೇಗಿರಬೇಕು ಅಂತ ಜನ ಎಣಿಸುತ್ತಾರೋ ಹಾಗೆ ಬದುಕಲು ನೋಡಿದರು. ಇದರ ಬೇರು ಇನ್ನೂ ಹಳೆಯದು. ರಾಬರ್ಟ್ ಡಿ ನೊಬಿಲಿ ಅನ್ನುವ ಇಟಲಿಯ ಜೆಸ್ವಿಟ್ 1606ರಲ್ಲಿ ಮಧುರೆಗೆ ಬಂದು ಸಂನ್ಯಾಸಿಯ ಹಾಗೆ ಬದುಕಿದ್ದ. ಆಗಲೂ ಅವನ ಮೇಲೆ ಅವನ ಚರ್ಚಿನವರೇ ರೋಮ್‌ವರೆಗೆ ದೂರು ಒಯ್ದಿದ್ದರು. ರೋಮಿನಲ್ಲಿ 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಆಯಾ ಊರಿನ ಭಾಷೆಯಲ್ಲಿ ಪೂಜೆ ಮಾಡಲು ದಾರಿ ಬಿಟ್ಟಿತು. ಅಲ್ಲಿಯವರೆಗೆ ಲ್ಯಾಟಿನ್ನೇ ಗತಿ.

ಕಾವಿ ಬಗ್ಗೆ ಇಷ್ಟು ಚರ್ಚೆ ಆಯಿತು. ಆದರೆ ಒಂದು ಸರಳ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬಿಷಪ್ ಕಾರು ಹತ್ತಿ ಬೆಳಗಾವಿಗೆ ಹೋದ ಮೇಲೆ ಮರುದಿನ ಆ ಊರಲ್ಲಿ ಬಾಗಿಲು ತೆಗೆಯುವವರು ಯಾರು? ಕಾಯಿಲೆ ಬಿದ್ದವರ ಮನೆಗೆ ಹೋಗುವವರು ಯಾರು? ಸಭೆಯ ಆರೋಗ್ಯ ತಿಳಿಯುವುದು ಹಬ್ಬದ ಫೋಟೊದಿಂದ ಅಲ್ಲ, ಇಂಥ ಪ್ರಶ್ನೆಗಳಿಂದ.

ಮೂರು ಸಭೆ, ಮೂರು ಕಟ್ಟಳೆ

ನಮ್ಮ ಭಾಗದಲ್ಲಿ ಬಿಷಪ್ ಇರುವ ಸಭೆಗಳು ಮುಖ್ಯವಾಗಿ ಮೂರು. ಒಂದು ಕಥೋಲಿಕರದ್ದು. ಬೆಳಗಾವಿ ಧರ್ಮಪ್ರಾಂತ 1953ರಲ್ಲಿ ಆದದ್ದು. ಎರಡನೆಯದು ಮೆಥೊಡಿಸ್ಟರದ್ದು. ಮೂರನೆಯದು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಬ್ರಿಟಿಷ್ ಮೆಥೊಡಿಸ್ಟ್ ಮತ್ತಿತರ ಸಭೆಗಳು ಕೂಡಿ ಅದು ಹುಟ್ಟಿತು. ಅದರ ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರ ಧಾರವಾಡ.

ಇಂಥ ಸಭೆಗಳಿಗೆ ಇಂಗ್ಲಿಷಿನಲ್ಲಿ ಎಪಿಸ್ಕೋಪಲ್ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಎಪಿಸ್ಕೊಪೊಸ್ ಅಂದರೆ ಮೇಲ್ವಿಚಾರಕ. ಬಿಷಪ್ ಅನ್ನುವ ಮಾತೂ ಅದರಿಂದಲೇ ಬಂದದ್ದು. ಮೇಲೆ ಬಿಷಪ್, ಅವರ ಕೈಯಿಂದ ದೀಕ್ಷೆ ಪಡೆದ ಪಾದ್ರಿ ಅಥವಾ ಸಭಾಪಾಲಕ, ಅವರ ಕೆಳಗೆ ಡೀಕನ್. ಪಾದ್ರಿಯನ್ನು ಊರಿನವರು ನೇಮಿಸುವುದಿಲ್ಲ, ಮೇಲಿನಿಂದ ಕಳಿಸುತ್ತಾರೆ. ಮತ್ತೆ ಮೇಲಿನಿಂದಲೇ ವರ್ಗ ಮಾಡುತ್ತಾರೆ.

ಇದರಲ್ಲಿ ಬೆಳಗಾವಿಯದ್ದೇ ಒಂದು ವಿಶೇಷ ಕಥೆ ಇದೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ಕಿತ್ತೂರಿನ ಯುದ್ಧ ಇನ್ನೂ ನಾಲ್ಕು ವರ್ಷ ದೂರ ಇತ್ತು, ಚನ್ನಮ್ಮ ರಾಣಿ ಇದ್ದ ಕಾಲ. ಬೆಳಗಾವಿಯ ಬೆನನ್ ಸ್ಮಿತ್ ಶಾಲೆಯ ಬೇರು ಆ ಲಂಡನ್ ಮಿಷನ್ನಿನದು. ಲಂಡನ್ ಮಿಷನ್ನಿನಲ್ಲಿ ಬಿಷಪ್ ಇರಲಿಲ್ಲ. ಊರಿನ ಸಭೆ ತಾನೇ ಕೂತು ತೀರ್ಮಾನ ಮಾಡುವ ಪದ್ಧತಿ ಅವರದು, ಪಂಚರು ಕಟ್ಟೆ ಮೇಲೆ ಕೂತ ಹಾಗೆ. 1904ರಲ್ಲಿ ಅವರು ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದರು. ಅಂದಿನಿಂದ ಅದೇ ಜನ, ಅದೇ ಬೈಬಲ್, ಆದರೆ ಕಟ್ಟಳೆ ಬೇರೆ. ಮೇಲೆ ಒಬ್ಬ ಬಿಷಪ್ ಬಂದರು, ವರ್ಷಕ್ಕೊಮ್ಮೆ ಕೂಡುವ ಕಾನ್ಫರೆನ್ಸ್ ಬಂತು, ಯಾವ ಪಾದ್ರಿ ಯಾವ ಊರಿಗೆ ಅನ್ನುವ ಪಟ್ಟಿಯನ್ನು ಬಿಷಪ್ ಓದಿ ಹೇಳುವ ರೂಢಿ ಬಂತು. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಅಮೆರಿಕದಿಂದ ಬೇರೆಯಾಗಿ ಸ್ವತಂತ್ರ ಆಯಿತು. ಪಟ್ಟಿ ಓದುವ ಪದ್ಧತಿ ಉಳಿಯಿತು.

ಈ ದೀಕ್ಷೆಗೆ ಕಾನೂನಿನಲ್ಲೂ ತೂಕ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಕಲಮಿನಲ್ಲಿ ಮದುವೆ ಮಾಡಿಸುವವರ ಪಟ್ಟಿ ಇದೆ. ಅದರಲ್ಲಿ ಮೊದಲಿಗೆ ಬರುವವರು ಬಿಷಪ್‌ರಿಂದ ದೀಕ್ಷೆ ಪಡೆದವರು. ಇತರ ಪಾಸ್ಟರ್‌ಗಳಲ್ಲಿ ಹೆಚ್ಚಿನವರಿಗೆ ಸರ್ಕಾರದ ಪರವಾನಗಿ ಬೇಕು. ನಮ್ಮ ಕ್ರೈಸ್ತ ಓದುಗರು ಇದನ್ನು ನೆನಪಿಡಬೇಕು. ಮದುವೆ ಸರ್ಟಿಫಿಕೇಟ್ ಇಲ್ಲದೆ ಪಾಸ್‌ಪೋರ್ಟ್ ಕಚೇರಿಯಲ್ಲಿ, ಪಿಂಚಣಿ ಅರ್ಜಿಯಲ್ಲಿ ಸಿಕ್ಕಿಬಿದ್ದಾಗ ಯಾರು ಮದುವೆ ಮಾಡಿಸಿದರು ಅನ್ನುವುದೇ ಮೊದಲ ಪ್ರಶ್ನೆ ಆಗುತ್ತದೆ.

ಮಠದ ಅಜ್ಜಾರು, ಚರ್ಚಿನ ಅಯ್ನಾರು

ನಮ್ಮ ಕಡೆ ಜಂಗಮರಿಗೂ ಅಯ್ನಾರು ಅಂತೀವಿ, ಚರ್ಚಿನ ಪಾದ್ರಿಗೂ ಅಯ್ನಾರು ಅಂತಾರೆ. ಮಾತು ಒಂದೇ, ಬದುಕು ಬೇರೆ. ಮಠದ ಅಜ್ಜಾರು ಪಟ್ಟ ಆದರೆ ಸಾಮಾನ್ಯವಾಗಿ ಅದೇ ಮಠದಲ್ಲಿ ಕೊನೆತನಕ. ಅವರ ಗದ್ದುಗೆಯೂ ಅಲ್ಲೇ. ಊರು ಅವರನ್ನು ಬೆಳೆಸುತ್ತದೆ, ಅವರು ಊರನ್ನು ಬೆಳೆಸುತ್ತಾರೆ. ಚರ್ಚಿನ ಅಯ್ನಾರು ಹಾಗಲ್ಲ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಟ್ರಂಕು ಕಟ್ಟಬೇಕು. ಮಕ್ಕಳ ಶಾಲೆ ಬಿಡಿಸಬೇಕು. ಸವದತ್ತಿಯ ಸೆಖೆಗೆ ಹೊಂದಿಕೊಳ್ಳುವ ಹೊತ್ತಿಗೆ ಇನ್ನೆಲ್ಲಿಗೋ ಆರ್ಡರ್.

ನೌಕರಿಯವರಿಗೆ ಇದು ಗೊತ್ತಿರುವ ಕಷ್ಟ. ಶಾಲೆ ಮಾಸ್ತರು, ಪಿ.ಡಿ.ಓ., ಪಿ.ಎಸ್.ಐ. ಎಲ್ಲರೂ ವರ್ಗ ಆಗುವವರೇ. ಆದರೆ ಪಿ.ಡಿ.ಓ. ವರ್ಗ ಆದರೆ ಪಂಚಾಯಿತಿ ಬಾಗಿಲು ಮುಚ್ಚುವುದಿಲ್ಲ. ಸಣ್ಣ ಸಭೆಯಲ್ಲಿ ಅಯ್ನಾರು ಹೋದರೆ ಕೆಲವೊಮ್ಮೆ ನಿಜವಾಗಿಯೂ ಬಾಗಿಲು ಮುಚ್ಚುತ್ತದೆ.

ಅಂಥದ್ದೊಂದನ್ನು ನಾವು ಹತ್ತಿರದಿಂದ ನೋಡಿದ್ದೇವೆ. ಊರಿನ ಹೆಸರು ಬೇಡ. ಅಲ್ಲಿದ್ದ ಪಾದ್ರಿ ಒಳ್ಳೆಯ ಮನುಷ್ಯ, ದುಡಿಮೆಗಾರ. ಪ್ರಸಂಗ ಅವರದೇ, ಹಾಡು ಹೇಳಿಕೊಡುವುದು ಅವರದೇ, ಕಾಣಿಕೆ ಪೆಟ್ಟಿಗೆಯ ಕೀಲಿ ಅವರ ಕಿಸೆಯಲ್ಲೇ, ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವ ಅರ್ಜಿಯೂ ಅವರ ಕೈಬರಹದಲ್ಲೇ. ಭಾನುವಾರ ಕೂರಲು ಜಾಗ ಇರುತ್ತಿರಲಿಲ್ಲ. ಎಲ್ಲರೂ ಇದು ಬೆಳೆಯುವ ಸಭೆ ಅಂದರು. ಅವರು ವರ್ಗ ಆದ ಆರು ತಿಂಗಳಿಗೆ ಹನ್ನೆರಡು ಮಂದಿ ಉಳಿದಿದ್ದರು. ಹೊಸಬರು ಕೆಟ್ಟವರೇನಲ್ಲ, ಆದರೆ ಹಳಬರ ಹಾಗೆ ಇರಲಿಲ್ಲ. ಮಂದಿ ಬರುತ್ತಿದ್ದದ್ದು ಒಬ್ಬ ಮನುಷ್ಯನಿಗಾಗಿ. ಆ ಮನುಷ್ಯ ಹೋದ, ಅವರೂ ಹೋದರು. ಕೆಲವರು ಪಕ್ಕದ ಊರಿನ ಸ್ವತಂತ್ರ ಪ್ರಾರ್ಥನಾ ಮನೆಗೆ, ಕೆಲವರು ಎಲ್ಲಿಗೂ ಇಲ್ಲ.

ಇನ್ನೊಂದು ಊರಿನಲ್ಲಿ ಇದಕ್ಕೆ ತಿರುವುಮುರುವು. ಅಲ್ಲಿಯ ಪಾದ್ರಿ ಮಾತಿನಲ್ಲಿ ಚುರುಕಲ್ಲ, ಪ್ರಸಂಗ ಮಾಡಿದರೆ ಹಿಂದಿನ ಸಾಲಿನವರು ತೂಕಡಿಸುತ್ತಿದ್ದರು. ಆದರೆ ಅವರು ಬಂದ ಮೊದಲ ವರ್ಷದಿಂದಲೇ ಬೈಬಲ್ ಓದುವುದನ್ನು ಪಾಳಿ ಮೇಲೆ ಒಬ್ಬೊಬ್ಬರಿಗೆ ಒಪ್ಪಿಸಿದರು. ಹತ್ತನೇ ತರಗತಿ ಫೇಲಾದ ಹುಡುಗನಿಗೆ ಕೀರ್ದಿ ಬರೆಯಲು ಕಲಿಸಿದರು. ಇಬ್ಬರು ಹೆಣ್ಣುಮಕ್ಕಳಿಗೆ ಕಾಯಿಲೆಯವರ ಮನೆ ಭೇಟಿಯ ಜವಾಬ್ದಾರಿ ಕೊಟ್ಟರು. ಅವರು ವರ್ಗ ಆದಾಗ ಹೊಸಬರು ಬರಲು ನಾಲ್ಕು ತಿಂಗಳು ತಡ ಆಯಿತು. ಆ ನಾಲ್ಕು ತಿಂಗಳೂ ಭಾನುವಾರದ ಆರಾಧನೆ ತಪ್ಪಲಿಲ್ಲ. ನಾವು ಅಲ್ಲಿಯ ಹಿರಿಯ ಹೆಣ್ಣುಮಗಳೊಬ್ಬಳನ್ನು ಕೇಳಿದೆವು: 'ಅಯ್ನಾರಿಲ್ಲದ ಹೆಂಗ ನಡಸಿದ್ರಿ ಯವ್ವಾ?' ಆಕೆಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. 'ಅವರಿದ್ದಾಗೂ ನಾವ ನಡಸ್ತಿದ್ವಲ್ರೀ' ಅಂದಳು.

ಒಳ್ಳೆಯ ಪಾದ್ರಿಯ ಗುರುತು ಇಷ್ಟೇ ಅಂತ ನಮಗೆ ಅನ್ನಿಸುತ್ತದೆ. ಕೆಲಸ ಎಷ್ಟು ಮಾಡಿದ ಅನ್ನುವುದಲ್ಲ, ಎಷ್ಟು ಮಂದಿಗೆ ಕೆಲಸ ಕಲಿಸಿ ಹೋದ ಅನ್ನುವುದು. ಬಿಷಪ್ ಇರುವ ಸಭೆಯಲ್ಲಿ ವರ್ಗ ಆಗುವುದು ಖಾತ್ರಿ. ಅದನ್ನು ತಿಳಿದೂ ಎಲ್ಲ ಕೀಲಿಗಳನ್ನು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳುವವರು, ಎಷ್ಟೇ ಒಳ್ಳೆಯವರಿರಲಿ, ಸಭೆಯನ್ನು ಬಡವಾಗಿಸಿ ಹೋಗುತ್ತಾರೆ.

ಸುಗ್ಗಿಯ ಜೋಳ, ಕೀರ್ದಿಯ ಲೆಕ್ಕ

ನಮ್ಮ ಕಡೆಯ ಸಭೆಗಳಲ್ಲಿ ಸುಗ್ಗಿ ಹಬ್ಬ ಅಂತ ಮಾಡುತ್ತಾರೆ. ಹಿಂಗಾರಿ ಒಕ್ಕಿದ ಮೇಲೆ ಮನೆಗೆ ಇಷ್ಟು ಜೋಳ, ಕಡಲೆ, ಕುಂಬಳಕಾಯಿ, ಜೀವಂತ ಕೋಳಿ ತಂದು ದೇವರ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ನಗೆಚಾಟಿಕೆ ಜೋರು. ಒಂದು ಕೋಳಿ ಮೂರು ಸಲ ಮಾರಾಟ ಆಗುತ್ತದೆ, ಯಾಕೆಂದರೆ ಕೊಂಡವರು ಮತ್ತೆ ದೇವರಿಗೇ ಕೊಡುತ್ತಾರೆ. ಎಷ್ಟೋ ಸಭೆಗಳಿಗೆ ವರ್ಷದ ದೊಡ್ಡ ಆದಾಯ ಅದೇ.

ಸಭೆ ಕೆಡುವುದೂ ಹೆಚ್ಚಾಗಿ ಇಲ್ಲಿಂದಲೇ. ಲಿಲಾವಿನ ದುಡ್ಡು ಎಷ್ಟು ಬಂತು, ಎಲ್ಲಿ ಹೋಯಿತು? ಲೆಕ್ಕವನ್ನು ಎಲ್ಲರ ಎದುರು ಓದಿದರೆ ಅಲ್ಲಿಗೆ ಮುಗಿಯಿತು. ಓದದಿದ್ದರೆ ಮುಂದಿನ ಭಾನುವಾರಕ್ಕೆ ಒಂದು ಗುಸುಗುಸು, ಮುಂದಿನ ತಿಂಗಳಿಗೆ ಎರಡು ಗುಂಪು, ಮುಂದಿನ ವರ್ಷಕ್ಕೆ ಕೋರ್ಟು. ಹಾಗೆ ಕೋರ್ಟಿಗೆ ಹೋದ ಜಗಳಗಳಲ್ಲಿ ದೇವರ ವಿಷಯ ನಾವು ಕಂಡಿಲ್ಲ. ಕಂಪೌಂಡಿನ ಜಾಗ, ಶಾಲೆಯ ನೇಮಕಾತಿ, ಕಮಿಟಿಯ ಚುನಾವಣೆ, ಇವೇ. ಮಿಷನರಿಗಳು ಬಿಟ್ಟುಹೋದ ಜಾಗಕ್ಕೆ ಈಗ ಊರು ಬೆಳೆದು ಬೆಲೆ ಬಂದಿದೆ. ಜಾಗಕ್ಕೆ ಬೆಲೆ ಬಂದಷ್ಟೂ ಕಮಿಟಿಯ ಕುರ್ಚಿಗೆ ಪೈಪೋಟಿ ಬರುತ್ತದೆ.

ಕಟ್ಟಳೆಯಲ್ಲಿ ಇದಕ್ಕೆ ಮದ್ದು ಇಲ್ಲದಿಲ್ಲ. ಕಥೋಲಿಕರ 1983ರ ಧರ್ಮಸಂಹಿತೆಯ 537ನೇ ನಿಯಮ ಪ್ರತಿ ಪ್ಯಾರಿಷ್‌ನಲ್ಲಿ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತದೆ. 535ನೇ ನಿಯಮ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳನ್ನು ಇಡಬೇಕು ಅನ್ನುತ್ತದೆ. ಸಿ.ಎಸ್.ಐ.ನಲ್ಲಿ ಊರಿನ ಕಮಿಟಿ ಇದೆ, ಮೇಲೆ ಪಾದ್ರಿಗಳೂ ಸಭಿಕರ ಪ್ರತಿನಿಧಿಗಳೂ ಕೂಡಿ ಕೂರುವ ಸಭಾಪ್ರಾಂತ ಪರಿಷತ್ತು ಇದೆ. ಬಿಷಪ್ ಆಗುವವರ ಹೆಸರುಗಳನ್ನೂ ಆ ಪರಿಷತ್ತೇ ಮತ ಹಾಕಿ ಸಿನೊಡಿಗೆ ಕಳಿಸುತ್ತದೆ. ಕಾಗದದ ಮೇಲೆ ಇದು ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಹಾಗೆ ಚೆಂದ. ಗ್ರಾಮಸಭೆಯ ಹಾಗೆಯೇ, ಕೂತು ಕೇಳುವವರು ಇದ್ದರೆ ನಡೆಯುತ್ತದೆ, ಇಲ್ಲದಿದ್ದರೆ ರಜಿಸ್ಟರಿನಲ್ಲಿ ಸಹಿ ಮಾತ್ರ ಉಳಿಯುತ್ತದೆ.

ಲೆಕ್ಕ ಓದುವುದಕ್ಕೆ ಹೆದರದ ಪಾದ್ರಿಯನ್ನು ಜನ ಬೇಗ ನಂಬುತ್ತಾರೆ. ಎರಡನೇ ಊರಿನ ಆ ಪಾದ್ರಿ ತಿಂಗಳ ಮೊದಲ ಭಾನುವಾರ ಜಮಾ ಖರ್ಚನ್ನು ತಾವು ಓದುತ್ತಿರಲಿಲ್ಲ, ಕೀರ್ದಿ ಬರೆದ ಹುಡುಗನಿಂದಲೇ ಓದಿಸುತ್ತಿದ್ದರು. ಸೀಮೆಎಣ್ಣೆ, ಚಾಪೆ, ಮೈಕಿನ ರಿಪೇರಿ, ಎಲ್ಲಾ. ಒಮ್ಮೆ ನಲವತ್ತು ರೂಪಾಯಿ ತಾಳೆ ಬರಲಿಲ್ಲ. ಅದನ್ನೂ ಓದಿಸಿದರು. ಆ ದಿನ ಯಾರೂ ಏನೂ ಅನ್ನಲಿಲ್ಲ. ಮುಂದಿನ ವಾರ ಯಾರೋ ಸುಮ್ಮನೆ ಪೆಟ್ಟಿಗೆಗೆ ನಲವತ್ತು ರೂಪಾಯಿ ಹಾಕಿದ್ದರಂತೆ.

ಎರಡು ಹೆಸರಿನ ಮಂದಿ

ಪೇಟೆಯಲ್ಲಿ ಕೂತು ಚರ್ಚ್ ಬಗ್ಗೆ ಮಾತಾಡುವವರಿಗೆ ತಿಳಿಯದ ಒಂದು ಸಂಕಟ ಹಳ್ಳಿಯ ಸಭೆಯಲ್ಲಿದೆ. ಇಲ್ಲಿಯ ಬಹಳಷ್ಟು ಕ್ರೈಸ್ತ ಮನೆಗಳು ಒಂದು ಕಾಲಕ್ಕೆ ಊರ ಹೊರಗಿನ ಕೇರಿಯಲ್ಲಿದ್ದ ಮನೆಗಳು. ಕುಡಿಯುವ ನೀರಿಗೆ, ಶಾಲೆಯ ಜಗಲಿಗೆ ತಡೆ ಇದ್ದ ಕಾಲದಲ್ಲಿ ಮಿಷನ್ ಶಾಲೆಯ ಬಾಗಿಲು ತೆರೆದಿತ್ತು ಅನ್ನುವುದೇ ಅವರ ಅಜ್ಜ ಅಜ್ಜಿಯರ ನೆನಪು.

ಆದರೆ 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ಮೊದಲು ಅದು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಈ ಪ್ರಶ್ನೆ ನೋಡಲು 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿತು.

ಇದರ ಪರಿಣಾಮ ಮನೆಯೊಳಗೆ. ಶಾಲೆ ದಾಖಲೆಯಲ್ಲಿ ಒಂದು ಹೆಸರು, ಸಭೆಯಲ್ಲಿ ಇನ್ನೊಂದು. ಕೇರಿಯಲ್ಲಿ ನೆರೆಯವರು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಧರ್ಮದ ಕಾಲಮ್ಮಿನ ಮುಂದೆ ತಂದೆಯ ಪೆನ್ನು ನಿಲ್ಲುತ್ತದೆ. ಬೆಂಚಿನ ಮೇಲೆ ಕೂತವರ ಸಂಖ್ಯೆಗೂ ಪುಸ್ತಕದಲ್ಲಿರುವ ಹೆಸರಿನ ಸಂಖ್ಯೆಗೂ ತಾಳೆ ಇರುವುದಿಲ್ಲ.

ಇದಕ್ಕೆ ಪಾದ್ರಿ ಏನು ಮಾಡಬೇಕು? ನಾವು ಕಂಡವರಲ್ಲಿ ಮೂರು ತರದವರಿದ್ದರು. ಕೆಲವರು ಕಟುವಾಗಿ, ಎರಡು ದೋಣಿಯಲ್ಲಿ ಕಾಲಿಡಬೇಡಿ ಅಂತ ಪೀಠದಿಂದ ಬೈದರು, ಮಂದಿ ಬರುವುದನ್ನು ಬಿಟ್ಟರು. ಕೆಲವರು ಏನೂ ಗೊತ್ತಿಲ್ಲದವರ ಹಾಗೆ ಇದ್ದರು. ಕೆಲವರು ಮಾತ್ರ ಒಂದೊಂದು ಮನೆಗೆ ಹೋಗಿ ಕೂತು, ಕಾಗದ ಪತ್ರ ನೋಡಿ, ಕಾನೂನು ಹೀಗಿದೆ, ಕಳಕೊಳ್ಳುವುದು ಇದು, ಪಡಕೊಳ್ಳುವುದು ಇದು, ಸುಳ್ಳು ಬರೆಸಿದರೆ ಮುಂದೆ ನೌಕರಿ ಹೊತ್ತಿನಲ್ಲಿ ಆಗುವ ತೊಂದರೆ ಇದು ಅಂತ ಬಿಡಿಸಿ ಹೇಳಿದರು. ತೀರ್ಮಾನವನ್ನು ಮನೆಯವರಿಗೇ ಬಿಟ್ಟರು. ಪಾದ್ರಿಕೆಗೆ ಓದುವ ಕಾಲೇಜಿನಲ್ಲಿ ಗ್ರೀಕ್ ಹೀಬ್ರೂ ಕಲಿಸುತ್ತಾರೆ. ತಹಶೀಲ್ದಾರ್ ಕಚೇರಿಯ ಜಾತಿ ಪ್ರಮಾಣಪತ್ರದ ಅರ್ಜಿ ಓದುವುದನ್ನೂ ಕಲಿಸಿದರೆ ನಮ್ಮ ಕಡೆಗೆ ಬರುವವರಿಗೆ ಬಹಳ ಉಪಕಾರ.

ಸಭೆಯೊಳಗೂ ಜಾತಿ ಪೂರ್ತಿ ಹೋಗಿದೆ ಅಂತ ಹೇಳುವ ಧೈರ್ಯ ನಮಗಿಲ್ಲ. ಹೆಣ್ಣು ಕೊಡುವಾಗ, ಕಮಿಟಿಗೆ ಆರಿಸುವಾಗ, ಮಣ್ಣು ಮಾಡುವಾಗ ಅದು ತಲೆ ಎತ್ತುತ್ತದೆ. ಒಂದೇ ಬಟ್ಟಲಿನಿಂದ ಕರ್ತನ ಭೋಜನ ತಗೊಂಡವರು ಮದುವೆ ಊಟದಲ್ಲಿ ಪಂಕ್ತಿ ನೋಡುವುದನ್ನು ಕಂಡಿದ್ದೇವೆ. ಇದನ್ನು ಪೀಠದಿಂದ ಹೇಳಬಲ್ಲ ಪಾದ್ರಿಗೆ ಬೆನ್ನೆಲುಬು ಬೇಕು. ಮೇಲಿರುವ ಬಿಷಪ್ ಅವರ ಬೆನ್ನಿಗೆ ನಿಲ್ಲಬೇಕು. ಬಿಷಪ್ ಇರುವುದರ ಒಂದು ಲಾಭ ಇಲ್ಲೇ ಇದೆ. ಊರಿನ ನಾಲ್ಕು ದೊಡ್ಡ ಮನೆಗಳಿಗೆ ಬೇಡವಾದರೂ ನ್ಯಾಯ ಹೇಳಿದ ಪಾದ್ರಿ ಉಳಿಯಬಹುದು. ಅವರೇ ಸಂಬಳ ಕೊಟ್ಟು ಇಟ್ಟುಕೊಂಡ ಪಾದ್ರಿಗೆ ಆ ಆಸರೆ ಇರುವುದಿಲ್ಲ.

ಹೆಣ್ಣುಮಕ್ಕಳ ಸಾಲು

ಯಾವ ಸಭೆಗೆ ಹೋದರೂ ಮುಕ್ಕಾಲು ಮಂದಿ ಹೆಣ್ಣುಮಕ್ಕಳು. ಅರಳಿ ಬಿಡಿಸಿ, ಕಬ್ಬಿನ ಕಳೆ ತೆಗೆದು, ಭಾನುವಾರ ತಲೆ ಮೇಲೆ ಸೆರಗು ಹೊದ್ದು ಬಂದು ಕೂರುವವರು. ಕಮಿಟಿಯಲ್ಲಿ ಮಾತ್ರ ಗಂಡಸರು. ಸಿ.ಎಸ್.ಐ. 1976ರಿಂದ ಹೆಣ್ಣುಮಕ್ಕಳಿಗೆ ಪಾದ್ರಿ ದೀಕ್ಷೆ ಕೊಡುತ್ತಿದೆ. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಬಿಷಪ್ಪೇ ಆದರು. ಕಥೋಲಿಕರಲ್ಲಿ ಹೆಣ್ಣುಮಕ್ಕಳಿಗೆ ಆ ದೀಕ್ಷೆ ಇಲ್ಲ, ಆದರೆ ಹಳ್ಳಿಗಳಲ್ಲಿ ಶಾಲೆ, ದವಾಖಾನೆ, ಸ್ವಸಹಾಯ ಸಂಘ ನಡೆಸುವ ಸಿಸ್ಟರ್‌ಗಳನ್ನು ತೆಗೆದರೆ ಅರ್ಧ ಕೆಲಸ ನಿಂತುಹೋಗುತ್ತದೆ.

ಗಂಡ ಕುಡಿದು ಹೊಡೆದ ರಾತ್ರಿ ಹೆಣ್ಣುಮಗಳು ಯಾರ ಬಾಗಿಲು ಬಡಿಯುತ್ತಾಳೆ ಅನ್ನುವುದರ ಮೇಲೆ ಸಭೆಯ ಆರೋಗ್ಯ ಅಳೆಯಬಹುದು. ಅಯ್ನಾರ ಮನೆಯ ಬಾಗಿಲು ಬಡಿಯುತ್ತಾಳೆಯೇ? ಬಡಿದರೆ ಅವರು, ಹೊಂದಿಕೊಂಡು ಹೋಗವ್ವ, ಪ್ರಾರ್ಥನೆ ಮಾಡೋಣ ಅನ್ನುತ್ತಾರೆಯೇ, ಇಲ್ಲಾ ಪ್ರಾರ್ಥನೆ ಮಾಡಿ ಆಮೇಲೆ ಠಾಣೆಗೂ ಜೊತೆಗೆ ಹೋಗುತ್ತಾರೆಯೇ? ಎರಡೂ ತರದವರು ಇದ್ದಾರೆ. ಎರಡನೇ ತರದವರು ಹೆಚ್ಚಾಗಲಿ.

ನೆರೆಹೊರೆ

ದೇಶನೂರಿನ ಫೋಟೊ ಹರಿದಾಡಿದ ನಾಲ್ಕೇ ತಿಂಗಳಿಗೆ, 2021ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. 2022ರಲ್ಲಿ ಕಾಯ್ದೆ ಆಯಿತು. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು ಅದರಲ್ಲಿತ್ತು. 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಕಾಯ್ದೆ ಸರಿಯೋ ತಪ್ಪೋ ಅನ್ನುವ ವಾದ ಈ ಬರಹದ್ದಲ್ಲ. ಆ ದಿನಗಳಲ್ಲಿ ಹಳ್ಳಿಯ ಸಭೆಗಳ ಮೇಲೆ ಆದದ್ದನ್ನು ಹೇಳಬೇಕು. ನೆರೆಯವರ ಜೊತೆ ಬಳಕೆ ಇದ್ದ ಸಭೆಗಳಿಗೆ ಹೆದರಿಕೆ ಕಡಿಮೆ ಇತ್ತು. ಹೊರಗಿನಿಂದ ಯಾರಾದರೂ ಬಂದು ಕೇಳಿದರೆ ಊರ ಗೌಡರೇ, ಇವರು ನಮ್ಮವರು, ಏನೂ ಇಲ್ಲ ಅನ್ನುತ್ತಿದ್ದರು. ಗೋಡೆ ಕಟ್ಟಿಕೊಂಡು, ಊರಿನ ದೇವರ ಬಗ್ಗೆ ಮೈಕಿನಲ್ಲಿ ಹಗುರ ಮಾತಾಡಿದ ಪ್ರಾರ್ಥನಾ ಮನೆಗಳಿಗೆ ಹಾಗೆ ಹೇಳುವವರು ಇರಲಿಲ್ಲ. ಯಾವ ಸಭೆಗೂ ಪೊಲೀಸರಿಗಿಂತ ಮೊದಲು ಬರುವ ಕಾವಲು ನೆರೆಮನೆಯವರು.

ದೇಶನೂರಿನ ಪಾಠವೂ ಇದೇ ಅಂತ ನಾವು ತಿಳಿಯುತ್ತೇವೆ. ಕಾವಿ ಉಟ್ಟರೆ ಸಾಕು ಅಂತಲ್ಲ. ಬಟ್ಟೆ ಯಾರೂ ಒಂದು ದಿನದಲ್ಲಿ ಬದಲಿಸಬಹುದು. ಆದರೆ ಊರಿನ ಮಾತು ಕಲಿತು, ಊರಿನ ಊಟ ಉಂಡು, ಊರಿನ ಸಾವಿಗೆ ಹೆಗಲು ಕೊಟ್ಟು ದಶಕಗಟ್ಟಲೆ ಇದ್ದದ್ದರಿಂದ ಅಲ್ಲಿ ಕಾವಿಗೆ ಅರ್ಥ ಬಂತು. ಪೇಟೆಯಿಂದ ಫೋಟೊ ನೋಡಿದವರಿಗೆ ಬಟ್ಟೆ ಕಂಡಿತು, ವರ್ಷಗಳು ಕಾಣಲಿಲ್ಲ.

ಕನ್ನಡದ ವಿಷಯದಲ್ಲಿ ಇದು ನಮಗೆಲ್ಲ ಗೊತ್ತಿರುವ ಸಂಗತಿ. ಧಾರವಾಡಕ್ಕೆ ಬಾಸೆಲ್ ಮಿಷನ್ ಬಂದದ್ದು 1837ರಲ್ಲಿ. ಅದೇ ಮಿಷನ್ನಿನ ಫರ್ಡಿನಂಡ್ ಕಿಟೆಲ್ ಧಾರವಾಡ, ಹುಬ್ಬಳ್ಳಿ ಕಡೆ ಇದ್ದು ಜನರ ಮಾತು ಕೇಳಿ ಕೇಳಿ ಬರೆದ ನಿಘಂಟು 1894ರಲ್ಲಿ ಬಂತು. ನಮ್ಮ ಕಸುಬಿನ ಮೂಲವೂ ಅಲ್ಲೇ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಒಬ್ಬ ಪಾದ್ರಿ. ಪ್ರತಿ ಜುಲೈ 1ಕ್ಕೆ ನಾವು ಪತ್ರಿಕಾ ದಿನಾಚರಣೆ ಮಾಡಿ ಶಾಲು ಹೊದಿಸಿಕೊಳ್ಳುವುದು ಆ ದಿನದ ನೆನಪಿಗೆ. ಊರಿನ ಭಾಷೆಯಲ್ಲಿ ಊರಿನ ಸುದ್ದಿ ಅನ್ನುವ ವಿಚಾರ ಸಭೆ ಕಟ್ಟಲು ಬಂದವನ ತಲೆಗೆ ಹೊಳೆದದ್ದು ಸುಮ್ಮನೆ ಅಲ್ಲ. ಮಂದಿ ಜೊತೆ ಇರಬೇಕೆಂದರೆ ಮಂದಿಯ ಮಾತು ಬೇಕು.

ಇನ್ನು ಕೇಳಬೇಕಾದದ್ದು

ನಿಮ್ಮ ಊರಲ್ಲಿ ಚರ್ಚ್ ಇರಬಹುದು, ಇಲ್ಲದಿರಬಹುದು. ಗುಡಿಯೋ ಮಠವೋ ದರ್ಗಾವೋ ಭಜನಾ ಸಂಘವೋ ಇದ್ದೇ ಇರುತ್ತದೆ. ಮುಂದಿನ ಸಲ ಅಲ್ಲಿ ಹೋದಾಗ ಐದು ಮಾತು ಕೇಳಿ ನೋಡಿ. ಹೋದ ವರ್ಷದ ಜಮಾ ಖರ್ಚನ್ನು ಎಲ್ಲರ ಎದುರು ಓದಿದರೆ? ಪೆಟ್ಟಿಗೆಯ ಕೀಲಿ ಎಷ್ಟು ಮಂದಿಯ ಹತ್ತಿರ ಇದೆ? ಕಮಿಟಿಯಲ್ಲಿ ಹೆಣ್ಣುಮಕ್ಕಳು ಎಷ್ಟು? ಕೇರಿಯವರು ಒಳಗೆ ಎಲ್ಲಿಯವರೆಗೆ ಬರುತ್ತಾರೆ? ಮುಂದಿರುವ ಹಿರಿಯರು ನಾಳೆ ಇಲ್ಲದಿದ್ದರೆ ನಾಡಿದ್ದು ದೀಪ ಹಚ್ಚುವವರು ಯಾರು?

ಉತ್ತರ ಸಿಗದಿದ್ದರೆ ಸಿಟ್ಟಾಗಬೇಡಿ, ಮತ್ತೊಮ್ಮೆ ಕೇಳಿ. ಕ್ರೈಸ್ತ ಓದುಗರಾದರೆ ಕಮಿಟಿ ಮೀಟಿಂಗಿಗೆ ಹೋಗಿ ಕೂಡಿರಿ. ಹೊಸ ಅಯ್ನಾರು ಬಂದರೆ ಹಳಬರ ಜೊತೆ ಹೋಲಿಸುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿ, ಊರಿನ ಕಾಯಿಲೆಯವರ ಪಟ್ಟಿ ಮಾಡಿ ಅವರ ಕೈಗೆ ಕೊಡಿ. ಅವರು ಮೊದಲ ವಾರ ಎಷ್ಟು ಮನೆಗೆ ಹೋದರು ಅಂತ ನೋಡಿ. ನಾವೂ ನೋಡುತ್ತಿರುತ್ತೇವೆ. ಈ ಸಲ ಡಿಸೆಂಬರ್ 25ಕ್ಕೆ ಕಾಯುವುದಿಲ್ಲ.